ಮಾವನ ಜೇಬಿನ ಟಿಕೆಟ್ಟು

ಫೆಬ್ರವರಿ ೮, ಭಾನುವಾರ

ನನ್ನ ಮುದ್ದು ಅಕ್ಕಾ,

ಬೈಯಬೇಡ, ಬೈಯಬೇಡ, ಬೈಯಬೇಡ! ಮದುವೆಯಾಗಿ ಹನ್ನೊಂದು ವಾರವಾದ ಮೇಲೆ ಬರೆಯುತ್ತಿರುವ ಮೊದಲ ಪತ್ರ ಇದು. ಫೋನ್ ಇತ್ತಲ್ಲ ಎನ್ನುತ್ತೀಯ. ಇದೆ. ಆದರೆ ಈ ಮನೆಯ ಗೋಡೆಗಳು ಎಷ್ಟು ತೆಳುವೆಂದರೆ ಆ ಕಡೆಯವರು ಆಕಳಿಸಿದರೆ ಈ ಕಡೆ ನಮಗೆ ನಿದ್ದೆ ಬರುತ್ತದೆ. ನಾನು ಹೇಳಬೇಕೆಂದಿರುವುದು ಗೋಡೆಯ ಕಿವಿಗೆ ಬೀಳುವಂಥದ್ದಲ್ಲ. ಇಂಗ್ಲಿಷಿನಲ್ಲಿ ಬರೆದರೆ ಹರಿದು ಹಾಕುತ್ತೇನೆ ಎಂದು ನೀನು ಹೆದರಿಸಿದ್ದೀಯಲ್ಲ, ಅದಕ್ಕೇ ಈ ಕಾನ್ವೆಂಟ್ ಹುಡುಗಿ ಕನ್ನಡದಲ್ಲೇ ಬರೆಯುತ್ತಿದ್ದಾಳೆ. ಒತ್ತಕ್ಷರ ನೋಡಿ ನಗಬೇಡ.

ಮೊದಲು ಶುಭ ಸಮಾಚಾರ. ನಾನು ಸುಖವಾಗಿದ್ದೇನೆ, ನಾಚಿಕೆಯಾಗುವಷ್ಟು ಸುಖವಾಗಿದ್ದೇನೆ. ಇವರು ದಿನವೂ ಬೆಳಿಗ್ಗೆ ತಾವೇ ಟೀ ಮಾಡಿ ತರುತ್ತಾರೆ. ಅದು ಟೀ ಎಂದು ಅವರೇ ಹೇಳಬೇಕು, ಇಲ್ಲದಿದ್ದರೆ ಗೊತ್ತಾಗುವುದಿಲ್ಲ. ಆದರೂ ಲೋಟ ಖಾಲಿ ಮಾಡಿ "ಆಹಾ" ಎನ್ನುತ್ತೇನೆ. ಇವರ ಕನ್ನಡಕದ ಅಂಗಡಿಗೆ ಊಟದ ಡಬ್ಬಿ ತೆಗೆದುಕೊಂಡು ಹೋದರೆ ನನ್ನನ್ನು ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿ, ಅಕ್ಷರಗಳ ಫಲಕದ ಬದಲು ತಾವೇ ಎದುರಿಗೆ ನಿಂತು "ಏನು ಕಾಣ್ತಿದೆ?" ಎನ್ನುತ್ತಾರೆ. ನಗಬೇಡ ಅಕ್ಕಾ. ನೀನೂ ಒಂದು ಕಾಲದಲ್ಲಿ ಹೀಗೇ ಇದ್ದೆ, ನನಗೆ ನೆನಪಿದೆ.

ಇನ್ನು ಅನುಮಾನದ ಸಮಾಚಾರ.

ನಮ್ಮ ಮಾವ ಮೂವತ್ತನಾಲ್ಕು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು ಎಂದು ನಿನಗೆ ಗೊತ್ತು. ಕಳೆದ ಮೇ ತಿಂಗಳಿನಲ್ಲಿ ಅವರಿಗೆ ಹೃದಯದ ದೊಡ್ಡ ಆಪರೇಷನ್ ಆಯಿತು. ಎದೆ ಸೀಳಿ, ಕಾಲಿನ ರಕ್ತನಾಳ ತೆಗೆದು ಅಲ್ಲಿ ಜೋಡಿಸಿದ್ದಾರೆ. ಈಗ ಅದೇ ಆಸ್ಪತ್ರೆಯವರು ಏಪ್ರಿಲ್‌ನಲ್ಲಿ ಒಂದು ದೀರ್ಘ ನಡಿಗೆ ಇಟ್ಟುಕೊಂಡಿದ್ದಾರೆ. ಏಳು ದಿನ, ನೂರ ನಲವತ್ತು ಕಿಲೋಮೀಟರ್. ನಡೆಯುವವರ ಹೆಸರಿನಲ್ಲಿ ಜನ ಕೊಡುವ ದೇಣಿಗೆಯೆಲ್ಲ ಹುಟ್ಟುವಾಗಲೇ ಹೃದಯದ ತೊಂದರೆ ಇರುವ ಮಕ್ಕಳ ಚಿಕಿತ್ಸೆಗೆ. ಮಾವ ಹೆಸರು ಕೊಟ್ಟು ಬಂದುಬಿಟ್ಟಿದ್ದಾರೆ!

ಊಟಕ್ಕೆ ಕೂತಾಗ ಹೇಳಿದರು. ಅತ್ತೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತೀರ, ನೂರ ನಲವತ್ತಂತೆ!"

"ಮೂವತ್ತನಾಲ್ಕು ವರ್ಷ ನಡ್ದಿದ್ದೀನಿ ಕಣೇ."

"ಬಸ್ಸಿನೊಳಗೆ!"

"ಒಳಗೋ ಹೊರಗೋ, ನಡಿಗೆ ನಡಿಗೇನೇ."

ನನಗೆ ನಗು ತಡೆಯಲಾಗಲಿಲ್ಲ. ಆದರೆ ಆಮೇಲೆ ಅವರು ಒಂದು ಮಾತು ಹೇಳಿದರು. "ನಾನು ಎಷ್ಟು ಜನಕ್ಕೆ ಸೀಟು ಬಿಡಿಸಿಕೊಟ್ಟವನು. ಈಗ ನಾನು ಬಸ್ ಹತ್ತಿದ್ರೆ ಸಾಕು, ನನ್ನ ಮುಖ ನೋಡಿ ನಾಲ್ಕು ಜನ ಎದ್ದು ನಿಲ್ತಾರೆ. ನನಗೆ ಕೂತು ಸಾಕಾಗಿದೆ."

ಈಗ ವಿಷಯ ಏನೆಂದರೆ, ಆಪರೇಷನ್ ಆದವರು ನಡೆಯಬೇಕಾದರೆ ಒಂದು ಫಾರ್ಮ್ ಕೊಡಬೇಕು. ಆರು ವಾರ ಅಭ್ಯಾಸ ಮಾಡಿದ್ದಾರೆ, ಹತ್ತು ಕಿಲೋಮೀಟರ್ ನಿಲ್ಲದೆ ನಡೆಯುತ್ತಾರೆ, ನಾವು ಕಣ್ಣಾರೆ ಕಂಡಿದ್ದೇವೆ ಎಂದು ಮನೆಯವರೊಬ್ಬರು ಸಹಿ ಮಾಡಬೇಕು. ಕೊನೆಯ ದಿನ ಮಾರ್ಚ್ ಹತ್ತು. ಅತ್ತೆ "ನಾನು ಹಾಕಲ್ಲ" ಎಂದು ಎದ್ದು ಹೋದರು. ಇವರು "ಡಾಕ್ಟರ್ ಏನಂತಾರೆ ನೋಡೋಣಪ್ಪ" ಎಂದು ಜಾರಿಕೊಂಡರು. ಮರುದಿನ ಮಾವ ನನ್ನ ಹತ್ತಿರ ಬಂದು ಆ ಫಾರ್ಮ್ ಕೊಟ್ಟರು. "ಎಲ್ಲಾ ಇಂಗ್ಲಿಷಲ್ಲಿದೆಯಮ್ಮ. ನಿನ್ನಷ್ಟು ಚೆನ್ನಾಗಿ ಯಾರು ತುಂಬಿಸ್ತಾರೆ? ಕೆಳಗಡೆ ಸೈನೂ ನೀನೇ ಹಾಕ್ಬಿಡು."

ಅಕ್ಕಾ, ಈ ಮನೆಯಲ್ಲಿ ನನಗೆ ಸಿಕ್ಕ ಮೊದಲ ಜವಾಬ್ದಾರಿ! ಇಡೀ ದಿನ ಹಾರಾಡುತ್ತಿದ್ದೆ. ಸಂಜೆಗೆ ತಲೆ ಕೆಲಸ ಮಾಡತೊಡಗಿತು. ಹೆಂಡತಿ ಮಗ ಇಬ್ಬರೂ ಹಾಕದ ಸಹಿಯನ್ನು ಹನ್ನೊಂದು ವಾರದ ಸೊಸೆಯ ಹತ್ತಿರ ಏಕೆ ಕೇಳಬೇಕು?

ಮಾವ ದಿನವೂ ಬೆಳಿಗ್ಗೆ ಆರು ಗಂಟೆಗೆ ಮನೆ ಬಿಟ್ಟು ಒಂಬತ್ತರ ಹೊತ್ತಿಗೆ ಬರುತ್ತಾರೆ. ನಡೆದದ್ದನ್ನು ಒಂದು ಪುಸ್ತಕದಲ್ಲಿ ಬರೆಯುತ್ತಾರೆ, ಅದೂ ಕಿಲೋಮೀಟರಿನಲ್ಲಲ್ಲ, ಬಸ್ಸಿನ ಸ್ಟೇಜಿನಲ್ಲಿ. ನಮ್ಮ ಮನೆಯ ಮುಂದಿನ ನಿಲ್ದಾಣ ಒಂದನೇ ಸ್ಟೇಜು. ಅಲ್ಲಿಂದ ಒಂದೊಂದು ಸ್ಟೇಜಿಗೆ ಎರಡೆರಡು ಕಿಲೋಮೀಟರ್. ನೀರಿನ ಟ್ಯಾಂಕಿನ ಹತ್ತಿರ ಆರನೇ ಸ್ಟೇಜು, ಅಲ್ಲಿಗೆ ಸರಿಯಾಗಿ ಹತ್ತು. ಪುಸ್ತಕದಲ್ಲಿ ಪ್ರತಿದಿನವೂ ಮುತ್ತಿನಂಥ ಅಕ್ಷರದಲ್ಲಿ "೧ರಿಂದ ೬" ಎಂದಿದೆ. ಆದರೆ ಅವರ ಬಿಳಿ ಶೂ ನೋಡಬೇಕು ನೀನು! ಪೆಟ್ಟಿಗೆಯಿಂದ ಈಗ ತಾನೇ ತೆಗೆದ ಹಾಗೆ ಹೊಳೆಯುತ್ತದೆ. ರಸ್ತೆಯ ಧೂಳಿಗೆ ನಮ್ಮ ಮಾವನನ್ನು ಕಂಡರೆ ಅಷ್ಟು ಭಯವೇ?

ಇನ್ನೂ ಒಂದಿದೆ. ನಾನು ಅಡುಗೆಮನೆಗೆ ಕಾಲಿಟ್ಟರೆ ಅತ್ತೆ ಮತ್ತು ಇವರು ಪಿಸುಮಾತು ನಿಲ್ಲಿಸುತ್ತಾರೆ. ನಿನ್ನೆ "ಉಪ್ಪು ಎಲ್ಲಿದೆ ಅಂತ ಕೇಳ್ತಿದ್ದೆ" ಎಂದರು ಇವರು. ಉಪ್ಪಿನ ಡಬ್ಬಿ ಅವರ ಕೈಯಲ್ಲೇ ಇತ್ತು! ಎಲ್ಲರೂ ಸೇರಿ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಅಕ್ಕಾ.

ಪುಟ್ಟಿಗೆ ಎರಡೂ ಕೆನ್ನೆಗೆ ಮುತ್ತು.

ನಿನ್ನ ಪತ್ತೇದಾರಿ ತಂಗಿ


ಫೆಬ್ರವರಿ ೨೨

ಅಕ್ಕಾ,

ನಿನ್ನ ಪತ್ರ ಬಂತು. "ಹೊಸ ಮನೆ, ಮೂಗು ತೂರಿಸಬೇಡ" ಎಂದು ಬರೆದಿದ್ದೀಯ. "ಹೃದಯದ ವಿಷಯದಲ್ಲಿ ಯಾರು ಏನು ಮಾಡಿದರೂ ಅಷ್ಟೇ, ಅಪ್ಪ ಹೋದ ಹಾಗೆ ಒಂದು ಸೂಚನೆಯನ್ನೂ ಕೊಡದೆ ಹೋಗುವವರೂ ಇರುತ್ತಾರೆ" ಎಂದೂ ಬರೆದಿದ್ದೀಯ. ಆ ಸಾಲನ್ನು ಎರಡು ಸಲ ಓದಿ ಪತ್ರ ಮಡಿಸಿಟ್ಟೆ.

ಆದರೆ ನನ್ನ ಮೂಗು ಆಗಲೇ ತೂರಿಬಿಟ್ಟಿದೆ!

ಹೋದ ಸೋಮವಾರ ಒಗೆಯುವ ಬಟ್ಟೆಯ ರಾಶಿಯಿಂದ ಮಾವನ ಅಂಗಿ ಎತ್ತಿಕೊಂಡೆ. ಜೇಬಿನಲ್ಲಿ ಏನೋ ಚರಚರ ಎಂದಿತು. ಬಸ್ ಟಿಕೆಟ್! ಅದೇ ದಿನದ್ದು. ಅಕ್ಕಾ, ಆ ಗಳಿಗೆಯಲ್ಲಿ ನನ್ನ ಮುಖ ನೋಡಬೇಕಿತ್ತು ನೀನು. ಹೊಳೆಯುವ ಶೂ, ಮುತ್ತಿನ ಅಕ್ಷರ, ಈಗ ಟಿಕೆಟ್ಟು. ಆಸಾಮಿ ಬಸ್ಸಿನಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದಾರೆ! ಸರಿಯಾಗಿ ಓದುವಷ್ಟರಲ್ಲಿ ಅತ್ತೆ ಬಂದರು. ನನ್ನ ಕೈಯಿಂದ ಟಿಕೆಟ್ಟು ಮೆಲ್ಲಗೆ ತೆಗೆದುಕೊಂಡು, "ಅವರ ಅಂಗಿ ನಾನೇ ಒಗೀತೀನಿ ಬಿಡಮ್ಮ" ಎಂದು ಹೋದರು. ಮೂರು ತಿಂಗಳಲ್ಲಿ ಈ ಮನೆಯಲ್ಲಿ ಯಾರೂ ನನ್ನ ಕೈಯಿಂದ ಒಗೆಯುವ ಬಟ್ಟೆ ಕಸಿದುಕೊಂಡಿರಲಿಲ್ಲ. ಅಂದರೆ ಅತ್ತೆಗೂ ಗೊತ್ತು. ಅತ್ತೆಯೂ ಶಾಮೀಲು!

ಇವರಿಗೆ ಹೇಳಿದೆ. "ಅಪ್ಪನಿಗೆ ಫ್ರೀ ಪಾಸ್ ಇದೆ, ಟಿಕೆಟ್ ಯಾಕೆ ತಗೋತಾರೆ? ಯಾರದ್ದೋ ಇರಬೇಕು" ಎಂದರು.

"ಬೇರೆಯವರ ಟಿಕೆಟ್ ನಿಮ್ಮಪ್ಪನ ಜೇಬಿಗೆ ನಡ್ಕೊಂಡು ಬಂತಾ?"

"ನೀನು ಸಿಐಡಿಗೆ ಸೇರ್ಬೇಕಿತ್ತು."

"ನೀವು ಕಣ್ಣಿನ ಅಂಗಡಿ ಮುಚ್ಬೇಕಿತ್ತು."

ಅದು ನಮ್ಮ ಮೊದಲ ಜಗಳ. ಅರ್ಧ ಗಂಟೆ ನಡೆಯಿತು. ಆಮೇಲೆ ಇಬ್ಬರಿಗೂ ನಗು ಬಂತು. ಇಡೀ ಊರಿನ ಕಣ್ಣು ತಿದ್ದುವ ಮನುಷ್ಯನಿಗೆ ಮನೆಯೊಳಗಿನದು ಕಾಣುವುದಿಲ್ಲವಲ್ಲ ಎಂದುಕೊಂಡೆ. ಅಥವಾ ಕಾಣಬಾರದು ಎಂದು ಅವರೇ ತೀರ್ಮಾನಿಸಿದ್ದಾರೋ ಏನೋ.

ಶುಕ್ರವಾರ ಹಾಲು ತರುವ ನೆಪ ಹೇಳಿ ಎಂಟು ಗಂಟೆಗೆ ಎರಡನೇ ಸ್ಟೇಜಿನ ಹತ್ತಿರ ಹೋದೆ. ಬೀಗ ರಿಪೇರಿಯವನ ಗೂಡಂಗಡಿಯ ಹಿಂದೆ ದುಪ್ಪಟ್ಟಾ ತಲೆಗೆ ಹೊದ್ದು ನಿಂತೆ. ಬೀಗದವನು "ಯಾರನ್ನ ಹಿಡೀಬೇಕಮ್ಮ?" ಎಂದು ಕೇಳಿಯೇ ಬಿಟ್ಟ. ಎಂಟೂ ಕಾಲಿಗೆ ಬಸ್ ಬಂತು. ಇಳಿದವರು ಯಾರು ಹೇಳು? ನಮ್ಮ ಮಾವ! ಇಳಿದು ಕಲ್ಲುಬೆಂಚಿನ ಮೇಲೆ ಒಂದೊಂದೇ ಕಾಲಿಟ್ಟು ಕರವಸ್ತ್ರದಿಂದ ಶೂ ಒರೆಸಿಕೊಂಡರು. ಎದುರಿಗಿದ್ದ ಬಸ್ ವೇಳಾಪಟ್ಟಿಯನ್ನು ಬಹಳ ಹೊತ್ತು ಓದಿದರು. ಆಮೇಲೆ ನೆಟ್ಟಗಾಗಿ, ಪರೇಡಿನಲ್ಲಿ ಹೋಗುವವರ ಹಾಗೆ ಕೈ ಬೀಸುತ್ತ ಮನೆಯ ದಾರಿ ಹಿಡಿದರು.

ಮನೆಗೆ ಬಂದಾಗ ಅತ್ತೆಯ ಮುಂದೆಯೇ ಕೇಳಿದೆ. "ಮಾವ, ಇವತ್ತು ಎಲ್ಲಿವರೆಗೆ?"

"ಆರನೇ ಸ್ಟೇಜಮ್ಮ. ಗಾಳಿ ಚೆನ್ನಾಗಿತ್ತು."

ಅತ್ತೆ ತಲೆ ಎತ್ತಲಿಲ್ಲ. ಅಕ್ಕಾ, ನನಗೆಷ್ಟು ಕೋಪ ಬಂತು ಗೊತ್ತೇ! ಮಕ್ಕಳ ಹೆಸರಿನಲ್ಲಿ ಜನ ದೇಣಿಗೆ ಬರೆಸುತ್ತಿದ್ದಾರೆ, ಮಾವ ಬಸ್ಸಿನಲ್ಲಿ ಓಡಾಡಿಕೊಂಡು ನನ್ನಿಂದ ಸುಳ್ಳು ಸಹಿ ಹಾಕಿಸಿಕೊಳ್ಳುವ ಯೋಚನೆಯಲ್ಲಿದ್ದಾರೆ. ಹೊಸಬಳು, ಎದುರು ಮಾತಾಡುವುದಿಲ್ಲ ಎಂದು ಆರಿಸಿಕೊಂಡಿದ್ದಾರೆ. ನಾನು ಸಹಿ ಹಾಕುವುದಿಲ್ಲ. ಎಲ್ಲರೆದುರಿಗೆ ಹಿಡಿದುಹಾಕುತ್ತೇನೆ, ನೋಡುತ್ತಿರು.

ನಿನ್ನ ತಂಗಿ


ಮಾರ್ಚ್ ೨೨

ಅಕ್ಕಾ,

ಒಂದು ತಿಂಗಳಿಂದ ನಾನು ಬರೆಯಲಿಲ್ಲವೆಂದು ನೀನು ಇವರಿಗೆ ಫೋನ್ ಮಾಡಿದೆಯಂತೆ. ತಪ್ಪಾಯಿತು. ಇಲ್ಲಿ ನಡೆದದ್ದನ್ನೆಲ್ಲ ಹೇಳುತ್ತೇನೆ. ಈಗ ಎಲ್ಲರೂ ಕ್ಷೇಮ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಫಾರ್ಮ್ ಕೊಡಲು ಒಂದೇ ದಿನ ಉಳಿದಿತ್ತು. ಮಾರ್ಚ್ ಒಂಬತ್ತು. ನನ್ನ ರವಿಕೆಯ ಗುಂಡಿ ಕಿತ್ತುಹೋಗಿತ್ತೆಂದು ಅತ್ತೆಯ ಗುಂಡಿ ಡಬ್ಬಿ ತೆಗೆದೆ. ಹಳೆಯ ಬಿಸ್ಕತ್ತಿನ ಡಬ್ಬಿ, ಮುಚ್ಚಳ ಬಿಗಿ. ತೆರೆದರೆ ಗುಂಡಿಗಳ ಮೇಲೆ ಒಂದು ಕಟ್ಟು ಬಸ್ ಟಿಕೆಟ್, ದಾರದಲ್ಲಿ ಕಟ್ಟಿದ್ದು. ಸಾಕ್ಷಿ ಸಿಕ್ಕಿತೆಂದು ಕುಣಿಯುವುದೊಂದು ಬಾಕಿ. ರಾತ್ರಿಯ ಊಟಕ್ಕೆ ಮುಂಚೆ ಸಾಲಾಗಿ ಜೋಡಿಸಿಟ್ಟರೆ ಮಾವ ಏನು ಹೇಳುತ್ತಾರೆ ನೋಡೋಣವೆಂದು ಮಂಚದ ಮೇಲೆ ತಾರೀಖಿನ ಪ್ರಕಾರ ಹರಡಿದೆ.

ಟಿಕೆಟ್ಟಿನಲ್ಲಿ ಹತ್ತಿದ ಸ್ಟೇಜು, ಇಳಿಯುವ ಸ್ಟೇಜು, ಸಮಯ ಮೂರೂ ಅಚ್ಚಾಗಿರುತ್ತದೆ. ಎಲ್ಲದರಲ್ಲೂ ಇಳಿಯುವುದು ಎರಡನೇ ಸ್ಟೇಜೇ. ಮನೆಯ ಮುಂದೆ ಇಳಿದರೆ ನಾವು ನೋಡುತ್ತೇವಲ್ಲ. ಆದರೆ ಹತ್ತಿದ್ದು? ಜನವರಿ ಕೊನೆಯ ವಾರದ ಟಿಕೆಟ್ಟುಗಳಲ್ಲಿ ಆರು, ಆರು, ಆರು. ಸಮಯ ಎಂಟು ಗಂಟೆ. ಅಂದರೆ ಆರಕ್ಕೆ ಮನೆ ಬಿಟ್ಟು, ಎರಡು ಗಂಟೆಯಲ್ಲಿ ಹತ್ತು ಕಿಲೋಮೀಟರನ್ನು ನಿಜವಾಗಿ ನಡೆದು, ವಾಪಸ್ ಮಾತ್ರ ಬಸ್ಸಿನಲ್ಲಿ ಬಂದಿದ್ದಾರೆ. ಅದರಲ್ಲಿ ಮೋಸವೇ ಇಲ್ಲ! ನನ್ನ ಕೋಪವೆಲ್ಲ ಪುಸ್ಸೆಂದಿತು.

ಆಮೇಲೆ ಫೆಬ್ರವರಿ. ಐದು, ಐದು. ಸಮಯ ಎಂಟು. ನಾಲ್ಕು, ನಾಲ್ಕು, ನಾಲ್ಕು. ಸಮಯ ಎಂಟು. ಮಾರ್ಚ್ ತಿಂಗಳಿನಲ್ಲಿ ಎಲ್ಲವೂ ಮೂರು. ಸಮಯ ಆಗಲೂ ಎಂಟು.

ಅದೇ ಎರಡು ಗಂಟೆ ಅಕ್ಕಾ. ಜನವರಿಯಲ್ಲಿ ಹತ್ತು ಕಿಲೋಮೀಟರ್ ನಡೆದ ಮನುಷ್ಯ ಈಗ ಅದೇ ಎರಡು ಗಂಟೆಯಲ್ಲಿ ನಾಲ್ಕು ನಡೆಯುತ್ತಿದ್ದಾರೆ. ಅವರು ನಮಗೆ ಮೋಸ ಮಾಡುತ್ತಿರಲಿಲ್ಲ, ದಿನದಿಂದ ದಿನಕ್ಕೆ ಕುಸಿಯುತ್ತಿದ್ದರು. ಬಿಟ್ಟಿ ಪಾಸ್ ತೋರಿಸಿ ಬಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಜೀವಮಾನವಿಡೀ ಬೇರೆಯವರಿಗೆ ಟಿಕೆಟ್ ಹರಿದುಕೊಟ್ಟವರಿಗೆ ಟಿಕೆಟ್ಟಿಲ್ಲದೆ ಕೂರುವುದಕ್ಕೆ ಮನಸ್ಸು ಬರಲಿಲ್ಲ.

ಹಿಂದೆ ತಿರುಗಿದರೆ ಬಾಗಿಲಲ್ಲಿ ಅತ್ತೆ.

"ಅತ್ತೆ, ನಿಮಗೆ ಗೊತ್ತಿತ್ತಾ?"

"ದಿನಾ ಜೇಬಿಂದ ತೆಗ್ದು ತೆಗ್ದು ಇಟ್ಟಿದ್ದೀನಿ. ಬಿಸಾಕೋಕೆ ಆಗ್ಲಿಲ್ಲ. ಓದೋಕೆ ಧೈರ್ಯ ಬರ್ಲಿಲ್ಲ." ಮಂಚದ ತುದಿಯಲ್ಲಿ ಕೂತರು. "ಏನು ಹೇಳುತ್ತೆ ಅದು?"

ನಾನು ಹೇಳಿದೆ. ಅವರು ಅಳಲಿಲ್ಲ. ಸೆರಗಿನ ತುದಿಯಿಂದ ಟಿಕೆಟ್ಟುಗಳನ್ನು ಒಂದೊಂದಾಗಿ ಒರೆಸಿ ಕೈಗೆ ಕೊಟ್ಟರು. ಅವರೂ ಮಗನೂ ಅಡುಗೆಮನೆಯಲ್ಲಿ ಪಿಸುಗುಡುತ್ತಿದ್ದುದು ಏನೆಂದು ಆಗ ತಿಳಿಯಿತು. "ನಾವು ಬೇಡ ಅಂದ್ರೆ ಅವರು ಹಟಕ್ಕೆ ಬೀಳ್ತಾರೆ. ನೀನು ಹೊಸಬಳು, ನೀನು ಬೇಡ ಅಂದ್ರೆ ಬೈಯೋಕಾಗಲ್ಲ. ನೀನೇ ಅಂತೀಯೇನೋ ಅಂತ ಕಾಯ್ತಿದ್ವಿ." ಅಯ್ಯೋ! ಇಡೀ ಮನೆ ತನ್ನ ಭಯವನ್ನೆಲ್ಲ ಗಂಟು ಕಟ್ಟಿ ನನ್ನ ತಲೆಯ ಮೇಲಿಟ್ಟು ಉಪ್ಪಿನ ಡಬ್ಬಿ ಹುಡುಕುತ್ತಿತ್ತು.

ಆದರೂ ನನ್ನ ಹಾಳು ಅನುಮಾನ ಬಿಡಲಿಲ್ಲ. ದಾರಿಯಲ್ಲಿ ಯಾರೊಡನೆಯೋ ಹರಟೆಗೆ ನಿಂತಿರಬಹುದು, ಕಾಲು ಉಳುಕಿರಬಹುದು. ಮಧ್ಯಾಹ್ನ ಡಿಪೋಗೆ ಹೋದೆ. ಮಾವನ ಜೊತೆ ಹತ್ತೊಂಬತ್ತು ವರ್ಷ ಒಂದೇ ಬಸ್ಸಿನಲ್ಲಿದ್ದ ಡ್ರೈವರ್ ಈಗಲೂ ಅದೇ ರೂಟಿನಲ್ಲಿದ್ದಾರೆ. ಊಟದ ಡಬ್ಬಿ ತೊಳೆಯುತ್ತಿದ್ದವರು ನನ್ನನ್ನು ನೋಡಿದ ಕೂಡಲೇ ನಲ್ಲಿ ನಿಲ್ಲಿಸಿದರು.

"ನಾನೇ ಮನೆಗೆ ಬರೋಣ ಅಂತಿದ್ದೆ ಮಗಳೇ. ನಿಮ್ಮಾವ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ದಾನೆ."

"ಕಾಲು ನೋವಾ ಅವರಿಗೆ?"

"ಕಾಲಲ್ಲ." ಒದ್ದೆ ಕೈಯನ್ನು ಎದೆಯ ಮೇಲಿಟ್ಟುಕೊಂಡರು. "ಹತ್ತೊಂಬತ್ತು ವರ್ಷದಲ್ಲಿ ಅವನು ಬಸ್ಸಲ್ಲಿ ಕೂತಿದ್ದು ನಾನು ಕಂಡಿಲ್ಲ. ಖಾಲಿ ಬಸ್ಸಲ್ಲೂ ಕಂಬಿಗೆ ಒರಗಿ ನಿಂತಿರೋನು. ಹೋದ ವಾರ ಹತ್ತಿದ, ಟಿಕೆಟ್ ತಗೊಂಡ, ಕೂತ. ನಾನು ಕನ್ನಡೀಲಿ ನೋಡ್ತಾನೇ ಇದ್ದೆ. ಎರಡನೇ ಸ್ಟೇಜ್ ಬಂದ್ರೂ ಏಳ್ಲಿಲ್ಲ. ಬಸ್ ನಿಲ್ಸಿ ನಾನೇ ಹೋಗಿ ಎಬ್ಬಿಸ್ದೆ."

ಸಂಜೆ ಮಾವ ಒಬ್ಬರೇ ಬಾಲ್ಕನಿಯಲ್ಲಿ ಕೂತು ಶೂಗೆ ಬಿಳಿ ಹಚ್ಚುತ್ತಿದ್ದರು. ಪಕ್ಕದಲ್ಲಿ ಫಾರ್ಮ್, ಅದರ ಮೇಲೆ ಪೆನ್ನು. ನಾನು ಟಿಕೆಟ್ಟಿನ ಕಟ್ಟನ್ನು ಫಾರ್ಮಿನ ಮೇಲಿಟ್ಟೆ. ಅವರು ದಾರ ಬಿಚ್ಚಲಿಲ್ಲ. ಅಂಚು ಸವರಿ ನೋಡಿದರು, ಅಷ್ಟೇ.

"ಚೆಕಿಂಗ್ ಇನ್‌ಸ್ಪೆಕ್ಟರ್ ಆಗ್ಬಿಟ್ಟೆಯಲ್ಲಮ್ಮ."

"ನೋವು ಎಲ್ಲಿ ಮಾವ?"

"ಏನಿಲ್ಲ. ಸ್ವಲ್ಪ ದಮ್ಮು. ನಡೀತಾ ನಡೀತಾ ಸರಿಹೋಗುತ್ತೆ."

"ಜನವರಿಯಿಂದ ಸರಿಹೋಗ್ತಾ ಇದೆಯಾ, ಹೆಚ್ಚಾಗ್ತಾ ಇದೆಯಾ?"

ಅವರು ಶೂ ಕೆಳಗಿಟ್ಟರು. "ನೋಡು, ಈ ಏಳು ದಿನ ಒಂದು ಮುಗೀಲಿ. ಆಮೇಲೆ ನಾನೇ ಡಾಕ್ಟರ ಹತ್ರ ಹೋಗ್ತೀನಿ, ನಿನ್ನಾಣೆ. ಅಲ್ಲಿವರೆಗೂ ಇವರಿಗೆಲ್ಲ ಹೇಳ್ಬೇಡ. ನೀನು ಜಾಣೆ, ನಿನಗೆ ಅರ್ಥ ಆಗುತ್ತೆ."

ಅಕ್ಕಾ, ಆ ಮಾತು ಕೇಳಿದ ಕೂಡಲೇ ನನಗೆ ಏನಾಯಿತೋ. ಕಿರುಚಿದೆ. ನಿಜವಾಗಿ ಕಿರುಚಿದೆ, ಪಕ್ಕದ ಮನೆಯವರೂ ಬಾಲ್ಕನಿಗೆ ಬರುವಷ್ಟು. "ಹೇಳ್ತೀನಿ! ಎಲ್ಲರಿಗೂ ಹೇಳ್ತೀನಿ!" ಇವರು ಕೊಠಡಿಯಿಂದ ಓಡಿ ಬಂದರು, ಅತ್ತೆ ಬಂದರು. ಹೊಸ ಸೊಸೆ ಮಾವನೆದುರು ನಿಂತು ಅಳುತ್ತಾ ಸ್ಟೇಜಿನ ನಂಬರು ಒದರುತ್ತಿದ್ದಾಳೆ. ಆರು, ಐದು, ನಾಲ್ಕು, ಮೂರು. ಇವರು ಟಿಕೆಟ್ಟುಗಳನ್ನು ತೆಗೆದುಕೊಂಡು ದೀಪದ ಕೆಳಗೆ ಹಿಡಿದು ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. "ಅಪ್ಪ, ಶರ್ಟ್ ಹಾಕ್ಕೊಳಿ" ಎಂದರು, ಅಷ್ಟೇ.

ಆ ರಾತ್ರಿಯೇ ಆಸ್ಪತ್ರೆಗೆ ಹೋದೆವು. ಜೋಡಿಸಿದ್ದ ರಕ್ತನಾಳಗಳಲ್ಲಿ ಒಂದು ಮತ್ತೆ ಮುಚ್ಚಿಕೊಳ್ಳುತ್ತಿತ್ತಂತೆ. ಮುಂಗೈಯಿಂದಲೇ ಸಣ್ಣ ನಳಿಗೆ ಕಳಿಸಿ ತೆರೆದರು, ಮತ್ತೆ ಎದೆ ಸೀಳಬೇಕಾಗಲಿಲ್ಲ. ಡಾಕ್ಟರು ಟಿಕೆಟ್ಟುಗಳನ್ನು ನೋಡಿ, "ಇಷ್ಟು ಚೆನ್ನಾಗಿ ರೆಕಾರ್ಡ್ ಇಟ್ಟ ಪೇಷಂಟ್ ಇನ್ನೊಬ್ಬರಿಲ್ಲ" ಎಂದರು. ಇದೇ ಸ್ಥಿತಿಯಲ್ಲಿ ಹೊರಟಿದ್ದರೆ ಮೊದಲ ದಿನವೇ ಮುಗಿದುಹೋಗುತ್ತಿತ್ತು ಎಂದೂ ಹೇಳಿದರು. ಯಾವುದು ಮುಗಿಯುತ್ತಿತ್ತು, ನಡಿಗೆಯೋ ಜೀವವೋ, ನಾವು ಕೇಳಲಿಲ್ಲ.

ಮನೆಗೆ ಬಂದ ಮೇಲೆ ಮಾವ ನನ್ನ ಜೊತೆ ನಾಲ್ಕು ದಿನ ಮಾತಾಡಲಿಲ್ಲ. ನೀರು ಕೊಟ್ಟರೆ ಕುಡಿಯುವುದು, ಮುಖ ಗೋಡೆಗೆ. ಇವರು "ಬಿಡು, ಸರಿಹೋಗ್ತಾರೆ" ಎಂದರೂ ನನಗೆ ಅನುಮಾನವೇ. ಐದನೆಯ ದಿನ ದಿಂಬಿನ ಕೆಳಗಿಂದ ಒಂದು ಕಾಗದ ತೆಗೆದುಕೊಟ್ಟರು. ಅದೇ ನಡಿಗೆಯದು, ಹೊಸ ಫಾರ್ಮು. ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ನರ್ಸಿನಿಂದ ತರಿಸಿಕೊಂಡಿದ್ದರಂತೆ. ನಡೆಯುವವರ ಹೆಸರಿನ ಜಾಗದಲ್ಲಿ ಮುತ್ತಿನಂಥ ಅಕ್ಷರದಲ್ಲಿ ನನ್ನ ಹೆಸರು. ಕೆಳಗೆ "ನಾನು ಕಣ್ಣಾರೆ ಕಂಡಿದ್ದೇನೆ" ಎಂಬ ಕಡೆ ಇನ್ನೂ ಖಾಲಿ.

"ನಾಳೆಯಿಂದ ಒಂದರಿಂದ ಆರು. ನಾನು ಬಸ್ಸಲ್ಲಿ ಹೋಗಿ ಟ್ಯಾಂಕಿನ ಹತ್ರ ಕೂತಿರ್ತೀನಿ. ಆರೋಗ್ಯವಾಗಿದ್ದೀಯ ನೀನು, ನಿನಗೆ ಸೈನ್ ಬೇಕಾಗಿಲ್ಲ, ಹತ್ತನೇ ತಾರೀಖಿನ ಗಡುವೂ ಇಲ್ಲ. ಆದರೂ ನಾನು ನೋಡದೆ ಹಾಕಲ್ಲ."

"ಸುಸ್ತಾದ್ರೆ?"

"ಸುಸ್ತಾದ್ರೆ ಬಾಯಿಬಿಟ್ಟು ಹೇಳು. ನನ್ನ ಥರ ಮಾಡ್ಬೇಡ."

ಈ ವಾರ ಮೂರನೇ ಸ್ಟೇಜಿನವರೆಗೆ ಬಂದಿದ್ದೇನೆ. ಕಾಲಲ್ಲಿ ಬೊಬ್ಬೆ. ಇವರು ಸಂಜೆ ಬಿಸಿನೀರಿನ ಬೋಗುಣಿ ಇಟ್ಟು, ಬೊಬ್ಬೆಗಳನ್ನು ಭೂತಗನ್ನಡಿಯಲ್ಲಿ ನೋಡಿ ವರದಿ ಕೊಡುತ್ತಾರೆ. ಏಪ್ರಿಲ್ ಐದಕ್ಕೆ ಹೊರಡುತ್ತೇನೆ. ಚಿಕ್ಕವಳನ್ನು ಹರಸು ಅಕ್ಕಾ. ಪುಟ್ಟಿ ಚೆನ್ನಾಗಿ ಓಡಾಡಿಕೊಂಡಿರಲಿ, ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ನಿನ್ನ
ತಂಗಿ

ಮರೆತ ಮಾತು: ಮರೆತದ್ದಲ್ಲ. ಮೂರು ಪತ್ರದಲ್ಲೂ ಬರೆಯದೆ ಬಿಟ್ಟದ್ದು. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಅಪ್ಪ, ನಾನು ಇಬ್ಬರೇ ಇದ್ದೆವಲ್ಲ. ನೀನು ಪುಟ್ಟಿಯನ್ನು ಹೊತ್ತು ಎಂಟನೇ ತಿಂಗಳಿನಲ್ಲಿದ್ದೆ. ಒಂದು ಸಂಜೆ ಅಪ್ಪ ನಮ್ಮ ಮೆಟ್ಟಿಲಿನಲ್ಲಿ ಮೂರು ಕಡೆ ನಿಂತರು. ನಿಂತಾಗಲೆಲ್ಲ ಬೀಗದ ಕೈಗಾಗಿ ಜೇಬು ತಡಕಿದರು. ಬೀಗದ ಕೈ ಅವರ ಎಡಗೈಯಲ್ಲೇ ಇತ್ತು, ನಾನು ಮೇಲಿನಿಂದ ನೋಡುತ್ತಿದ್ದೆ. ಕೇಳಿದಾಗ "ಏನಿಲ್ಲ, ಸ್ವಲ್ಪ ದಮ್ಮು. ಅಕ್ಕನಿಗೆ ಹೇಳ್ಬೇಡ, ಹೆರಿಗೆ ಮುಗೀಲಿ. ನೀನು ಜಾಣೆ" ಎಂದರು. ಮರುದಿನ, ತಿಂಗಳಿಂದ ಬೇಡ ಬೇಡ ಎನ್ನುತ್ತಿದ್ದ ನನ್ನ ಕಾಲೇಜಿನ ಪ್ರವಾಸಕ್ಕೆ ಒಪ್ಪಿಗೆ ಕೊಟ್ಟರು. ಏಕೆ ಕೊಟ್ಟರೆಂದು ನನಗೆ ಗೊತ್ತಿತ್ತು. ಆದರೂ ಕುಣಿದಾಡಿದೆ, ಬಟ್ಟೆ ತುಂಬಿಕೊಂಡು ಹೋದೆ. ನಾನು ಬಸ್ಸಿನಲ್ಲಿ ಹಾಡುತ್ತಿದ್ದಾಗ ನಿನಗೆ ಫೋನ್ ಬಂದಿತ್ತು. ಎರಡು ವರ್ಷದಿಂದ ನೀನು ಎಲ್ಲರಿಗೂ "ಒಂದು ಸೂಚನೆಯೂ ಇರಲಿಲ್ಲ" ಎಂದು ಹೇಳುತ್ತಾ ಬಂದಿದ್ದೀಯ. ನಾನು ನಿನ್ನ ಪಕ್ಕದಲ್ಲೇ ಕೂತು ತಲೆಯಾಡಿಸಿದ್ದೇನೆ. ಇತ್ತು ಅಕ್ಕಾ. ಆಗ ಯಾರೂ ನನ್ನ ಕೈಗೆ ಫಾರ್ಮ್ ಕೊಟ್ಟಿರಲಿಲ್ಲ. ಆದರೂ ನಾನು ಸಹಿ ಹಾಕಿಬಿಟ್ಟಿದ್ದೆ.